ಗುಡಿ, ಮನೆ, ಕಟ್ಟಡಗಳ ಇತಿಹಾಸ ಓದಬೇಕು, ಗದಗಿನಿಂದ ದಾರಿ ಯಾವುದು?

ಬೆಟಗೇರಿ_ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಬೆಟಗೇರಿಯವಳು, ಈ ವರ್ಷ ಪಿಯುಸಿ ಸೈನ್ಸ್ ಮುಗಿಯಿತು. ಹೋದ ತಿಂಗಳು ಅತ್ತೆಯ ಊರಿಗೆ ಹೋದವಳು ಹಾಗೇ ಡಂಬಳದ ದೊಡ್ಡಬಸಪ್ಪನ ಗುಡಿಗೆ ಹೋಗಿದ್ದೆ. ಸಣ್ಣವಳಿದ್ದಾಗಿನಿಂದ ನೋಡಿದ ಗುಡಿಯೇ. ಆದರೆ ಈ ಸಲ ಹೊರಗಿನಿಂದ ಒಂದು ಸುತ್ತು ಹಾಕುವಾಗ ಗೋಡೆ ಎಲ್ಲೂ ನೇರ ಹೋಗದೆ, ಮೂಲೆ ಮೂಲೆಯಾಗಿ ತಿರುಗುತ್ತಲೇ ಹೋಗಿದ್ದು ಕಣ್ಣಿಗೆ ಬಿತ್ತು. ಮೂಲೆ ಎಣಿಸಲು ಹೋಗಿ ಎರಡು ಸಲ ಲೆಕ್ಕ ತಪ್ಪಿತು. ಮನೆಗೆ ಬಂದು ನೋಟ್‌ಬುಕ್ಕಿನಲ್ಲಿ ಅದರ ನಕ್ಷೆ ಬರೆಯಲು ಕೂತರೆ ಅದೂ ಆಗಲಿಲ್ಲ. ಅವರು ನೆಲದ ಮೇಲೆ ಇದನ್ನು ಹೇಗೆ ಗುರುತು ಹಾಕಿದರು ಅನ್ನುವುದು ಅವತ್ತಿನಿಂದ ತಲೆಯಲ್ಲಿ ಕೂತುಬಿಟ್ಟಿದೆ.

ನನಗೆ ಇದನ್ನೇ ಓದಬೇಕು ಅನಿಸಿದೆ. ಕಟ್ಟಡಗಳು ಹೀಗೆ ಯಾಕೆ ಬಂದವು, ಯಾರು ಕಟ್ಟಿದರು, ಒಂದರಿಂದ ಇನ್ನೊಂದು ಹೇಗೆ ಹುಟ್ಟಿತು, ಇಂಥದ್ದು. ಅಪ್ಪ ನೇಕಾರರು, ಅವರು ಹೇಳುವುದು ಬಿ.ಆರ್ಕ್ (ಕಟ್ಟಡ ವಿನ್ಯಾಸದ ಡಿಗ್ರಿ) ಮಾಡು, ಮುಂದೆ ಕೆಲಸಕ್ಕಾದರೂ ಆಗುತ್ತದೆ ಎಂದು. ಬಿ.ಆರ್ಕ್ ಮಾಡದೆ ಈ ಇತಿಹಾಸ ಓದಲು ಆಗುವುದಿಲ್ಲವಾ? ಹತ್ತನೇ ಕ್ಲಾಸಿನವರೆಗೆ ನಾನು ಕನ್ನಡ ಮೀಡಿಯಂ, ಇಂಗ್ಲಿಷ್ ಪುಸ್ತಕ ಓದುವುದು ನಿಧಾನ. ಓದಿದವರು ಯಾರಾದರೂ ಇದ್ದರೆ ಸರಿಯಾಗಿ ತಿಳಿಸಿ.

ಉಣಕಲ್_ಕೆರೆ_ದಂಡೆ

ತಂಗಿ, ಮೊದಲು ಡಂಬಳದ ಲೆಕ್ಕ ಬಿಡಿಸೋಣ. ಒಂದು ಹಾಳೆಯಲ್ಲಿ ವೃತ್ತ ಬರಿ. ಒಳಗೆ ಒಂದು ಚೌಕ, ನಾಲ್ಕೂ ಮೂಲೆ ವೃತ್ತಕ್ಕೆ ತಾಗಬೇಕು. ಅದೇ ಚೌಕವನ್ನು 15 ಡಿಗ್ರಿ ತಿರುಗಿಸಿ ಮತ್ತೊಂದು ಬರಿ. ಹೀಗೆ ಆರು ಚೌಕ. ಆರ್ನಾಲ್ಕಲಿ 24 ಮೂಲೆ. ಈಗ ಹೊರಗಿನ ಗೆರೆ ಮಾತ್ರ ಉಳಿಸಿ ಒಳಗಿನದನ್ನೆಲ್ಲ ಅಳಿಸು, ದೊಡ್ಡಬಸಪ್ಪನ ಗರ್ಭಗುಡಿಯ ಹೊರಗೋಡೆ ಸಿಗುತ್ತದೆ. ಮುಂದಿನ ಕಡೆ ಮಂಟಪ ಬಂದು ಕೂಡುವುದರಿಂದ ಅಲ್ಲಿನ ಮೂಲೆಗಳು ಕಾಣುವುದಿಲ್ಲ, ನಿನ್ನ ಎಣಿಕೆ ತಪ್ಪಿದ್ದು ಅದಕ್ಕೇ ಇರಬೇಕು. ನೆಲದ ಮೇಲೆ ಇದನ್ನು ಗುರುತು ಹಾಕಲು ನಡುವೆ ಒಂದು ಗೂಟ, ಒಂದು ಹಗ್ಗ, ಒಂದು ಮೂಲೆಮಟ್ಟ ಇದ್ದರೆ ಸಾಕು. ಹೊರಕ್ಕೆ ಚಾಚಿದ ಎಲ್ಲ ಮೂಲೆಯೂ 90 ಡಿಗ್ರಿಯೇ ಆದ್ದರಿಂದ ಕಲ್ಲು ಕಡಿಯುವವರಿಗೂ ಅಳತೆ ಒಂದೇ. ನಕ್ಷತ್ರದ ಆಕಾರದ ಗುಡಿ ಬೇರೆ ಕಡೆಯೂ ಇವೆ, ಆದರೆ ಜಾಸ್ತಿ ಕಡೆ ನಾಲ್ಕು ದಿಕ್ಕಿಗೆ ಗೋಡೆ ಮುಂದೆ ಚಾಚಿಕೊಂಡು ನಕ್ಷತ್ರ ತುಂಡಾಗುತ್ತದೆ. ಡಂಬಳದಲ್ಲಿ ಅದು ತುಂಡಾಗದೆ ಸುತ್ತುತ್ತದೆ, ಅದಕ್ಕೇ ಅದು ಅಪರೂಪ.

ಈಗ ಓದಿನ ವಿಷಯ. ಬಿ.ಆರ್ಕ್ ಐದು ವರ್ಷ. ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಇರಬೇಕು, ನಿನಗೆ ಇದೆ. ನಾಟಾ ಎಂಬ ಪ್ರವೇಶ ಪರೀಕ್ಷೆ ಅಥವಾ ಜೆಇಇಯ ಆರ್ಕಿಟೆಕ್ಚರ್ ಪತ್ರಿಕೆ ಬರೆಯಬೇಕು. ಹುಬ್ಬಳ್ಳಿಯಲ್ಲೇ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಈ ಕೋರ್ಸ್ ಇದೆ. ಅದರಲ್ಲಿ ಇತಿಹಾಸ ಕೆಲವು ಸೆಮಿಸ್ಟರುಗಳಲ್ಲಿ ಒಂದೊಂದು ಪತ್ರಿಕೆಯಾಗಿ ಬರುತ್ತದೆ, ಅಷ್ಟೇ. ಈಜಿಪ್ಟ್, ಗ್ರೀಸ್, ರೋಮ್, ಗೋಥಿಕ್ ಚರ್ಚು, ನಮ್ಮ ಸ್ತೂಪ, ಗುಡಿ, ಮಸೀದಿ, ಕೊನೆಗೆ ಕಾರ್ಬ್ಯೂಸಿಯರ್ ಎಂಬ ವಾಸ್ತುಶಿಲ್ಪಿಯ ಚಂಡೀಗಢ, ಲೂಯಿ ಕಾನ್ ಕಟ್ಟಿದ ಅಹಮದಾಬಾದಿನ ಐಐಎಂ. ನಾನು ಓದಿದ್ದು ದೂರದ ಊರಿನ ಕಾಲೇಜಿನಲ್ಲಿ. ಅಲ್ಲಿ ಇತಿಹಾಸದ ಪಾಠ ಎಂದರೆ ಸ್ಲೈಡ್ ಹಾಕಿ ಓದಿ ಹೇಳುವುದು. ಗ್ರೀಕರ ಡೋರಿಕ್, ಅಯಾನಿಕ್, ಕೊರಿಂಥಿಯನ್ ಕಂಬಗಳನ್ನು ಬಾಯಿಪಾಠ ಮಾಡಿ ಬರೆದು ಪಾಸಾದೆವು. ನನ್ನ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ, ಮನೆಗಳ ನಡುವೆ, ನಾಲ್ಕೂ ದಿಕ್ಕಿಗೆ ಬಾಗಿಲಿಟ್ಟುಕೊಂಡು ನಿಂತಿರುವ ಚಂದ್ರಮೌಳೇಶ್ವರನ ಗುಡಿಯನ್ನು ನಾನು ಸರಿಯಾಗಿ ನೋಡಿದ್ದು ಡಿಗ್ರಿ ಮುಗಿದ ಮೇಲೆ. ಅದು ಈಗಲೂ ಬೇಜಾರು.

ಒಂದು ಮಾತ್ರ ಚೆನ್ನಾಗಿತ್ತು. ಮೂರನೇ ವರ್ಷ ಒಂದು ಹಳೆಯ ಮನೆಯನ್ನು ಹತ್ತು ದಿನ ಕೂತು ಟೇಪು ಹಿಡಿದು ಅಳೆದು ಪೂರ್ತಿ ನಕ್ಷೆ ಬರೆದೆವು. ಕಟ್ಟಡ ನೋಡುವುದನ್ನು ನಾನು ಕಲಿತದ್ದು ಆ ಹತ್ತು ದಿನದಲ್ಲಿ.

ಹಳೆಯ ಕಟ್ಟಡಗಳ ರಕ್ಷಣೆಯ ಕೆಲಸ ಬೇಕಿದ್ದರೆ ಬಿ.ಆರ್ಕ್ ಮಾಡು. ದೆಹಲಿಯ ಎಸ್‌ಪಿಎ, ಅಹಮದಾಬಾದಿನ ಸೆಪ್ಟ್ ಎಂಬ ಆರ್ಕಿಟೆಕ್ಚರ್ ಓದಿಸುವ ಸಂಸ್ಥೆಗಳಲ್ಲಿ ಅದರ ಮೇಲೆ ಮಾಸ್ಟರ್ಸ್ ಇದೆ. ಆದರೆ ವಿನ್ಯಾಸ ಮಾಡುವ ಆಸೆ ಚೂರೂ ಇಲ್ಲವೆಂದರೆ ಬೇಡ. ಐದು ವರ್ಷದಲ್ಲಿ ಜಾಸ್ತಿ ಹೊತ್ತು ಸ್ಟುಡಿಯೋದಲ್ಲೇ ಹೋಗುತ್ತದೆ, ರಾತ್ರಿ ನಿದ್ದೆಯೂ ಹೋಗುತ್ತದೆ, ಇತಿಹಾಸಕ್ಕೆ ಮಿಕ್ಕ ಸಮಯ.

ಶಾಸನದಕ್ಕ_ಧಾರವಾಡ

ಮೇಲಿನವರು ಹೇಳಿದ್ದು ಸರಿ, ಆದರೆ ಅದೊಂದೇ ದಾರಿ ಅಲ್ಲ ಮಗಳೇ. ನಾನು ಬಿ.ಎ. ಮಾಡಿ, ಆಮೇಲೆ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪ್ರಾಚೀನ ಭಾರತೀಯ ಇತಿಹಾಸ ಮತ್ತು ಶಾಸನಶಾಸ್ತ್ರದಲ್ಲಿ ಎಂ.ಎ. ಮಾಡಿದವಳು. ಕನ್ನಡ ಸಂಶೋಧನಾ ಸಂಸ್ಥೆ 1939ರಿಂದ ಧಾರವಾಡದಲ್ಲಿದೆ, ಅಲ್ಲೇ ವಸ್ತು ಸಂಗ್ರಹಾಲಯವೂ ಇದೆ. ನೀನು ಗದಗಿನಿಂದ ಬೆಳಿಗ್ಗೆ ಬಸ್ ಹತ್ತಿದರೆ ನೋಡಿಕೊಂಡು ಸಂಜೆಗೆ ಮನೆ. ಪ್ರವೇಶದ ಚಿಂತೆ ಆಮೇಲೆ, ಮೊದಲು ಒಮ್ಮೆ ಬಂದು ನೋಡು.

ಕಲ್ಲು ಹೇಗೆ ನಿಂತಿದೆ ಎಂದು ಅಳತೆ ಹೇಳುತ್ತದೆ. ಯಾರು ನಿಲ್ಲಿಸಿದರು, ಯಾವಾಗ, ಎಷ್ಟು ಭೂಮಿ ಬಿಟ್ಟರು, ಇದನ್ನು ಶಾಸನ ಹೇಳುತ್ತದೆ. ನಿಮ್ಮ ಪಕ್ಕದ ಲಕ್ಕುಂಡಿಯ ಬ್ರಹ್ಮಜಿನಾಲಯವನ್ನು ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದಳು ಎಂದು ನಾವು ಧೈರ್ಯವಾಗಿ ಹೇಳುವುದು ಶಾಸನ ಇರುವುದರಿಂದ. ಇಟಗಿಯ ಮಹಾದೇವ ಗುಡಿ 1112ರದ್ದು, ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು, ಅದನ್ನು 'ದೇವಾಲಯ ಚಕ್ರವರ್ತಿ' ಎಂದು ಶಾಸನವೇ ಕರೆದಿದೆ. ಇಂಥ ಎರಡು ಗುಡಿಗೆ ವರ್ಷ ಸಿಕ್ಕರೆ, ವರ್ಷ ಗೊತ್ತಿಲ್ಲದ ಮೂರನೆಯದನ್ನು ಅವುಗಳ ಪಕ್ಕ ಇಟ್ಟು ಕಂಬ, ಗೋಡೆ, ಶಿಖರ ಹೋಲಿಸಿ ಕಾಲ ಊಹಿಸಬಹುದು. ಈ ವಿದ್ಯೆಯ ಅರ್ಧ ಕೆಲಸ ಇದೇ.

ಕಲ್ಲು ಬದಲಾದ ಕಥೆ ಕೇಳು. ಬಾದಾಮಿ, ಪಟ್ಟದಕಲ್ಲಿನಲ್ಲಿ ಮರಳುಗಲ್ಲು. ಹನ್ನೊಂದನೇ ಶತಮಾನಕ್ಕೆ ನಮ್ಮ ಕಡೆ ಬಳಪದ ಕಲ್ಲು ಬರುತ್ತದೆ. ಅಣ್ಣಿಗೇರಿಯ ಅಮೃತೇಶ್ವರ ಗುಡಿಯನ್ನು ಈ ಕಲ್ಲಿನಲ್ಲಿ ಕಟ್ಟಿದ ಮೊದಲ ಗುಡಿಗಳಲ್ಲಿ ಲೆಕ್ಕಕ್ಕೆ ಹಿಡಿಯುತ್ತಾರೆ. ಬಳಪದ ಕಲ್ಲು ಮೆತ್ತಗೆ, ಉಳಿಗೆ ಮಣಿಯುತ್ತದೆ. ಅದಕ್ಕೇ ಕಂಬಗಳನ್ನು ಬುಗುರಿಯ ಹಾಗೆ ತಿರುಗಿಸಿ ಕಡೆಯಲು ಆಯಿತು, ಗೋಡೆಯ ಮೇಲೆ ಮಣಿಮಾಲೆಯಂಥ ಕೆತ್ತನೆ ಸಾಧ್ಯವಾಯಿತು. ಲಕ್ಕುಂಡಿಯ ಕಾಶಿವಿಶ್ವೇಶ್ವರನ ಬಾಗಿಲುವಾಡದ ಮುಂದೆ ಹತ್ತು ನಿಮಿಷ ನಿಂತರೆ ನಾನು ಹೇಳುತ್ತಿರುವುದು ತಿಳಿಯುತ್ತದೆ. ಅಲ್ಲಿ ಶಿವನ ಗುಡಿಗೆ ಎದುರಾಗಿ ಸೂರ್ಯನ ಗುಡಿ ಇದೆ, ಅದನ್ನೂ ಬಿಡಬೇಡ.

ಕನ್ನಡ ಮೀಡಿಯಂ ಎಂದು ಕುಗ್ಗಬೇಡ. ಹೆನ್ರಿ ಕಸಿನ್ಸ್ ಎಂಬ ಬ್ರಿಟಿಷರು ನಮ್ಮ ಜಿಲ್ಲೆಗಳ ಚಾಲುಕ್ಯ ಗುಡಿಗಳ ಬಗ್ಗೆ ಬರೆದ ಪುಸ್ತಕ 1926ರಲ್ಲಿ ಬಂತು, ಅದನ್ನು ಇವತ್ತಿಗೂ ಓದಲೇಬೇಕು, ಇಂಗ್ಲಿಷಿನಲ್ಲೇ ಓದಬೇಕು. ದಿನಕ್ಕೆ ಎರಡು ಪುಟ ಓದು, ಸಾಕು. ಆದರೆ ಹಳಗನ್ನಡ ಶಾಸನ ಓದುವುದಕ್ಕೆ ಹೊರಗಿನಿಂದ ಬಂದವರು ವರ್ಷಗಟ್ಟಲೆ ಕಷ್ಟಪಡುತ್ತಾರೆ. ನಿನಗೆ ಅದು ಮನೆಯ ಭಾಷೆಯ ಹಳೆಯ ರೂಪ.

ಸವಣೂರು_ಸೀಮೆ

ಎಲ್ಲರೂ ಗುಡಿಯ ಬಗ್ಗೆಯೇ ಹೇಳುತ್ತಿದ್ದೀರಿ, ಮನೆಯ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮದು ಬಡಿಗತನದ ಮನೆತನ. ನಮ್ಮಜ್ಜ ಮನೆಯನ್ನು ಅಡಿಯಲ್ಲಿ ಹೇಳುತ್ತಿರಲಿಲ್ಲ, ಐದಂಕಣದ ಮನೆ, ಏಳಂಕಣದ ಮನೆ ಎನ್ನುತ್ತಿದ್ದ. ಒಂದು ಸಾಲು ಕಂಬ ತೊಲೆಯಿಂದ ಇನ್ನೊಂದು ಸಾಲಿನವರೆಗೆ ಒಂದು ಅಂಕಣ. ಕಂಬ, ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಕಟ್ಟಿಗೆ ಹೊದಿಸಿ ಮಣ್ಣಿನ ಮಾಳಿಗೆ. ಜಂತಿಗೆ ಸಿಗುವ ಮರ ಎಷ್ಟು ಉದ್ದವೋ ಅಂಕಣ ಅಷ್ಟು ಅಗಲ. ಈಗ ಗುಡಿಯ ನವರಂಗಕ್ಕೆ, ಅಂದರೆ ಗರ್ಭಗುಡಿಯ ಮುಂದಿನ ಮಂಟಪಕ್ಕೆ, ಹೋಗಿ ತಲೆ ಎತ್ತಿ ನೋಡಿ. ನಡುವೆ ನಾಲ್ಕು ಕಂಬ, ಸುತ್ತ ಗೋಡೆ, ಮೇಲೆ ಒಂಬತ್ತು ಅಂಕಣ. ಅದೇ ಮಾತು, ಅದೇ ಲೆಕ್ಕ. ಕಲ್ಲಿನ ತೊಲೆ ಮರದಷ್ಟು ಬಾಗುವುದಿಲ್ಲ, ಮುರಿಯುತ್ತದೆ, ಅದಕ್ಕೆ ಗುಡಿಯಲ್ಲಿ ಕಂಬ ಹತ್ತಿರ ಹತ್ತಿರ. ನನಗೆ ಇದು ಹೊಳೆದ ದಿನ ಗುಡಿ ಕಟ್ಟಿದವರೂ ನಮ್ಮಜ್ಜನೂ ಒಂದೇ ಕೆಲಸದವರು ಅನಿಸಿತು.

ನಮ್ಮ ಹಳೆಯ ಮನೆಯಲ್ಲಿ ದೊಡ್ಡ ಬಾಗಿಲಿನಿಂದ ದನವೂ ಜನವೂ ಒಟ್ಟಿಗೆ ಒಳಗೆ. ಕೆಳಗೆ ಗೋದಲಿ, ಎರಡು ಮೆಟ್ಟಿಲು ಎತ್ತರಕ್ಕೆ ಪಡಸಾಲೆ, ರಾತ್ರಿ ಮಲಗಿದಲ್ಲಿಂದಲೇ ದನ ಕಾಣಬೇಕು. ಬೆಳಕಿಗೆ ಮಾಳಿಗೆಯಲ್ಲಿ ಬೆಳಕಿಂಡಿ. ಜೋಳ ಇಡಲು ನೆಲದೊಳಗೆ ಹಗೇವು. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಸವಳು ಮಣ್ಣು ಹಾಕುವುದು ನನ್ನ ಕೆಲಸವಾಗಿತ್ತು. ನಾಲ್ಕು ವರ್ಷದ ಹಿಂದೆ ಅದನ್ನು ಕೆಡವಿ ಆರ್‌ಸಿಸಿ ಹಾಕಿಸಿದೆವು. ಜೆಸಿಬಿಗೆ ಎರಡು ದಿನದ ಕೆಲಸ. ಒಂದು ಅಳತೆ ತೆಗೆದಿಡಲಿಲ್ಲ. ಕಂಬದ ತಲೆಯ ಮೇಲಿನ ಬೋದಿಗೆಗಳನ್ನು ಹಳೆ ಕಟ್ಟಿಗೆಯವರು ತೂಕದ ಮೇಲೆ ಒಯ್ದರು.

ತಂಗೆವ್ವ, ನೀನು ಯಾವ ಕೋರ್ಸಿಗಾದರೂ ಸೇರು, ಆದರೆ ನಿಮ್ಮ ಓಣಿಯಲ್ಲಿ ಇನ್ನೂ ನಿಂತಿರುವ ಒಂದು ಮಾಳಿಗೆ ಮನೆಯನ್ನು ಈ ಬೇಸಿಗೆಯಲ್ಲೇ ಅಳೆದು ಬರೆದಿಡು. ಲಕ್ಕುಂಡಿ ಎಲ್ಲಿಗೂ ಹೋಗುವುದಿಲ್ಲ, ಅದಕ್ಕೆ ಕಾವಲು ಇದೆ. ಮನೆಗೆ ಇಲ್ಲ.

ಕಸೂತಿ_ನೂಲು

ಡಿಸೈನ್ ಇತಿಹಾಸ ಅನ್ನುವುದೂ ಒಂದು ಓದು, ಅದನ್ನು ಯಾರೂ ಹೇಳಲಿಲ್ಲವಲ್ಲ ಎಂದು ಬರೆಯುತ್ತಿದ್ದೇನೆ. ನಾನು ಧಾರವಾಡದವಳು, ಡಿಸೈನ್ ಓದಿದೆ. ನಮಗೆ ಮೊದಲು ಹೇಳಿದ್ದು ಜರ್ಮನಿಯ ಬೌಹೌಸ್ ಡಿಸೈನ್ ಶಾಲೆ, 1919ರಲ್ಲಿ ಶುರುವಾಗಿ 1933ರಲ್ಲಿ ಮುಚ್ಚಿದ್ದು. ಆಮೇಲೆ ಅಮೆರಿಕದ ಡಿಸೈನರ್‌ಗಳಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ 1958ರಲ್ಲಿ ಭಾರತ ಸರ್ಕಾರಕ್ಕೆ ಕೊಟ್ಟ ವರದಿ. ಅದರಲ್ಲಿ ಅವರು ಮೆಚ್ಚಿ ಬರೆದದ್ದು ನಮ್ಮ ತಂಬಿಗೆಯನ್ನು! ಹಿಡಿಯಲು, ತುಂಬಲು, ಸುರಿಯಲು, ತಲೆ ಮೇಲೆ ಹೊರಲು ಎಷ್ಟು ವಿಚಾರ ಅದರಲ್ಲಿದೆ ಎಂದು. ಆ ವರದಿಯ ಬೆನ್ನಿಗೇ 1961ರಲ್ಲಿ ಅಹಮದಾಬಾದಿನಲ್ಲಿ ಎನ್‌ಐಡಿ ಎಂಬ ಡಿಸೈನ್ ಸಂಸ್ಥೆ ಬಂತು.

ಇನ್ನೊಂದು ವಿಷಯ ನನಗೆ ಬಹಳ ತಟ್ಟಿತು. ಬ್ಯಾನಿಸ್ಟರ್ ಫ್ಲೆಚರ್ ಎಂಬುವರ ವಾಸ್ತುಶಿಲ್ಪ ಇತಿಹಾಸವನ್ನು ಕಾಲೇಜುಗಳಲ್ಲಿ ತಲೆಮಾರುಗಟ್ಟಲೆ ಓದಿಸಿದ್ದಾರೆ. ಅದರ 1901ರ ಆವೃತ್ತಿಯಲ್ಲಿ ಭಾರತ, ಚೀನಾ, ಜಪಾನಿನ ಶೈಲಿಗಳನ್ನೆಲ್ಲ 'ಐತಿಹಾಸಿಕವಲ್ಲದ ಶೈಲಿಗಳು' ಎಂದು ಬೇರೆ ಭಾಗಕ್ಕೆ ಹಾಕಿದರು. ಇಟಗಿಯಲ್ಲಿ ವರ್ಷ ಸಮೇತ ಕಲ್ಲಿನ ಮೇಲೆ ಬರೆದಿಟ್ಟಿದ್ದಾರೆ, ಅದು ಇತಿಹಾಸ ಅಲ್ಲವಂತೆ. ನಿನ್ನಂಥವರು ಈ ಓದಿಗೆ ಬರಬೇಕು ಎಂದು ನಾನು ಹೇಳುವುದು ಇದಕ್ಕೇ.

ನೇಕಾರರ ಮಗಳು ಅಂದೆ ಅಲ್ವಾ, ನಿನಗೆ ಒಂದು ಸುಲಭ ಇದೆ. ಕಸೂತಿಯಲ್ಲಿ ಚಿತ್ರ ಬರೆದುಕೊಳ್ಳುವುದಿಲ್ಲ, ಬಟ್ಟೆಯ ಎಳೆ ಎಣಿಸಿ ಹಾಕುತ್ತಾರೆ. ಗವಂತಿ, ಮುರ್ಗಿ ಹೊಲಿಗೆ ಎರಡೂ ಕಡೆ ಒಂದೇ ಥರ ಕಾಣಬೇಕು, ಗಂಟು ಇರಬಾರದು. ಅದರಲ್ಲಿ ಗೋಪುರ ಹಾಕಿದಾಗ ಅದು ಮೆಟ್ಟಿಲು ಮೆಟ್ಟಿಲಾಗಿಯೇ ಏರುತ್ತದೆ, ಎಳೆ ಎಣಿಸುವ ಕೈಗೆ ಅದೇ ದಾರಿ. ಗುಡಿಯ ಶಿಖರವೂ ಅಂತಸ್ತು ಅಂತಸ್ತಾಗಿ ಒಳಗೆ ಸರಿಯುತ್ತಾ ಏರುವುದನ್ನು ನೋಡಿದ್ದೀಯಲ್ಲ. ಎರಡನ್ನೂ ಪಕ್ಕಪಕ್ಕ ಬರೆದು ನೋಡು.

ಬೆಟಗೇರಿ_ಹುಡುಗಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಆರು ಚೌಕ ಬರೆದೆ, ಬಂತು! ಅಪ್ಪನಿಗೆ ತೋರಿಸಿದೆ. ಅವರು ಒಂದೂ ಮಾತಾಡದೆ ಹಾಳೆ ತಿರುಗಿಸಿ ತಿರುಗಿಸಿ ನೋಡಿ, ಎಲ್ಲ ಕಡೆಯಿಂದಲೂ ಒಂದೇ ಥರ ಬಂದಿದೆ ನೋಡು ಎಂದರು. ಬರುವ ವಾರ ಧಾರವಾಡಕ್ಕೆ ಅವರೇ ಕರೆದುಕೊಂಡು ಹೋಗುತ್ತಾರಂತೆ, ಅಕ್ಕಾ, ಸಂಗ್ರಹಾಲಯ ನೋಡಲು. ನಾಟಾ ಅರ್ಜಿಯನ್ನೂ ಹಾಕಿ ಇಡುತ್ತೇನೆ. ನಮ್ಮ ಓಣಿಯಲ್ಲಿ ಒಂದು ಏಳಂಕಣದ ಮಾಳಿಗೆ ಮನೆ ಇದೆ, ಅಲ್ಲಿನ ಅಜ್ಜಿಯನ್ನು ಕೇಳಿದೆ, ಬಾ ಎಂದಿದ್ದಾರೆ. ಅಳೆಯಲು ಏನೇನು ಬೇಕು?

ಉಣಕಲ್_ಕೆರೆ_ದಂಡೆ

30 ಮೀಟರ್ ಟೇಪು ಒಂದು, 5 ಮೀಟರಿನದು ಒಂದು, ಗೌಂಡಿಗಳ ತೂಕದ ಗುಂಡು, ಗೆರೆ ಹಾಕಿದ ಹಾಳೆ, ಪೆನ್ಸಿಲ್. ಇಬ್ಬರು ಬೇಕು, ಒಬ್ಬರು ಹಿಡಿಯಲು, ಒಬ್ಬರು ಬರೆಯಲು. ಹಳೆಯ ಮನೆಯ ಮೂಲೆ ಮಟ್ಟವಾಗಿರುತ್ತದೆ ಎಂದು ನಂಬಬೇಡ, ಪ್ರತಿ ಅಂಕಣಕ್ಕೂ ಮೂಲೆಯಿಂದ ಮೂಲೆಗೆ ಓರೆ ಅಳತೆ ತೆಗಿ. ಎರಡು ಓರೆ ಒಂದೇ ಬಂದರೆ ಮಟ್ಟ, ಬೇರೆ ಬಂದರೆ ಎಷ್ಟು ಬೇರೆ ಎಂದು ಬರೆದುಕೋ. ಅಜ್ಜಿಗೆ ಯಾವ ಜಾಗಕ್ಕೆ ಏನು ಹೆಸರು ಎಂದು ಕೇಳಿ ಅದೇ ಹೆಸರನ್ನು ನಕ್ಷೆಯಲ್ಲಿ ಹಾಕು. ಬರೆದಾದ ಮೇಲೆ ಇಲ್ಲಿ ಹಾಕು, ನೋಡುತ್ತೇನೆ.