ಸಂಡೂರು ಗುಡ್ಡಕ್ಕೆ ಕುದುರೆ ಮೇಲೆ ಹೋಗಬಹುದಾ?

ಮೋಕಾ ರಸ್ತೆಯವ:
ಹೋದ ವರ್ಷ ಒಂದು ಹೆಣ್ಣು ಕುದುರೆ ತಗೊಂಡೆ. ಕಾಠಿಯಾವಾಡಿ ತಳಿ, ಆರು ವರ್ಷ, ಹೆಸರು ಗೌರಿ. ಬಳ್ಳಾರಿಯಲ್ಲಿ ಹೊಲದ ದಾರಿ, ಕಾಲುವೆ ಏರಿ ಸುತ್ತಿ ಸುತ್ತಿ ಇಬ್ಬರಿಗೂ ಬೇಜಾರಾಗಿದೆ. ಸೆಪ್ಟೆಂಬರಿನಲ್ಲಿ ಸಂಡೂರು ಕಾಡು ನೋಡಬೇಕು. ನಾರಿಹಳ್ಳ ಡ್ಯಾಮಿನಿಂದ ಹೊರಟು ಕುಮಾರಸ್ವಾಮಿ ಗುಡಿ, ಮರುದಿನ ರಾಮಗಡ ಅಂತ ಯೋಚನೆ. ಯಾರಾದ್ರೂ ಹೋಗಿದ್ದೀರಾ? ಲಾಳ ಹೊಸದಾಗಿ ಹೊಡೆಸಿದ್ದೇನೆ.

ಬಳ್ಳಾರಿ ಬಿಸಿಲು:
ಅಷ್ಟು ದೂರ ಯಾಕೆ, ದರೋಜಿಗೆ ಹೋಗಿ. ಹತ್ತಿರ, ಕಾಡೂ ಇದೆ.

ಜಟಕಾ ಮನೆ:
ದರೋಜಿ ಬೇಡ ರೀ. ಅದು 1994ರಿಂದ ಕರಡಿಧಾಮ. ಅಲ್ಲಿ ಗೋಪುರದ ಮೇಲೆ ನಿಂತು ಕರಡಿ ನೋಡಬೇಕು, ಕುದುರೆ ಓಡಿಸೋದಲ್ಲ.

ಸಂಡೂರಿನ ವಿಷಯ ಹೇಳ್ತೀನಿ. ನಮ್ಮ ತಂದೆ ಜಟಕಾ ಓಡಿಸುತ್ತಿದ್ದರು, ನಾನು ಲಾಯದಲ್ಲೇ ಬೆಳೆದವನು. ಗಾಂಧೀಜಿ 1934ರಲ್ಲಿ ಬಂದಾಗ 'ಸೆಪ್ಟೆಂಬರಿನಲ್ಲಿ ಸಂಡೂರು ನೋಡಿ' ಅಂದರಂತೆ. ನೋಡೋಕೆ ಸರಿ. ಕುದುರೆ ಕಾಲಿಗೆ ಮಾತ್ರ ಅದೇ ಕೆಟ್ಟ ತಿಂಗಳು. ಅಲ್ಲಿ ಮಣ್ಣಿನ ಮೇಲೆಲ್ಲ ಅದಿರಿನ ಕಲ್ಲು. ಗುಂಡಗೆ, ಭಾರ, ಮಳೆ ಬಿದ್ದರೆ ಎಣ್ಣೆ ಸವರಿದ ಹಾಗೆ. ಕಬ್ಬಿಣದ ಲಾಳ ಬಂಡೆ ಮೇಲೆ ಇನ್ನೂ ಜಾರುತ್ತದೆ. ನನ್ನ ಕುದುರೆ ಇಳಿಜಾರಿನಲ್ಲಿ ಮುಗ್ಗರಿಸಿ ಮೊಣಕಾಲು ಕಿತ್ತುಕೊಂಡಿತು, ಒಂದೂವರೆ ತಿಂಗಳು ಜೀನು ಹಾಕಲಿಲ್ಲ. ತಪ್ಪು ನನ್ನದೇ. ಇಳಿದು ಲಗಾಮು ಹಿಡಿದು ನಡೆಸಬೇಕಿತ್ತು, ಜಂಬ ಬಿಡಲಿಲ್ಲ. ಅದಕ್ಕೇ ಹತ್ತುವಾಗ ಕೂತಿರಿ, ಇಳಿಯುವಾಗ ನಡೀರಿ.

ಕಾಡು ರಿಸರ್ವ್ ಫಾರೆಸ್ಟು. ಅರಣ್ಯ ಇಲಾಖೆಯ ಒಪ್ಪಿಗೆ ಇಲ್ಲದೆ ಒಳಗೆ ಕಾಲಿಡಬೇಡಿ. ಗಣಿ ಲಾರಿ ಓಡಾಡುವ ರಸ್ತೆಯಂತೂ ಬೇಡವೇ ಬೇಡ. ಲಾರಿಯ ಹಾರನ್ನಿಗೆ ಬೆದರಿದ ಕುದುರೆಯನ್ನು ದೇವರೂ ಹಿಡಿಯಲಾರ.

ಇನ್ನೊಂದು, ಆಗ ಸೀತಾಫಲದ ಕಾಲ. ಕರಡಿಗೆ ಸೀತಾಫಲ ಅಂದ್ರೆ ಪ್ರಾಣ. ಬೆಳಿಗ್ಗೆ ಬಿಸಿಲು ಬಿದ್ದ ಮೇಲೆ ಹೊರಡಿ, ಸಂಜೆ ನಾಲ್ಕಕ್ಕೆ ಊರು ಸೇರಿ. ಗೌರಿ ಎರಡೂ ಕಿವಿ ಒಂದೇ ಕಡೆ ನೆಟ್ಟು, ಮೂಗು ಅರಳಿಸಿ ನಿಂತರೆ ಒದ್ದು ಮುಂದೆ ನೂಕಬೇಡಿ. ಅದಕ್ಕೆ ಗೊತ್ತಾದದ್ದು ನಿಮಗೆ ಗೊತ್ತಾಗಿರಲ್ಲ.

ಹಸಿರು ಗುಡ್ಡ:
ಮಳೆಗಾಲದ ಕೊನೆಗೆ ಕಚ್ಚುವ ನೊಣ ಜಾಸ್ತಿ. ಅವುಗಳಿಂದಲೇ ಕುದುರೆಗೆ ಸರ್ರಾ ರೋಗ ಹರಡೋದು. ಜ್ವರ ಬಂದು ಹೋಗಿ ಬಂದು ಹೋಗಿ ಸೊರಗುತ್ತದೆ, ಬಿಟ್ಟರೆ ಸಾಯುತ್ತದೆ. ವಾಪಸ್ ಬಂದ ಮೇಲೆ ಕೆಲವು ವಾರ ಜ್ವರ ನೋಡ್ತಾ ಇರಿ. ಮೇವು ಬಿಟ್ಟರೆ ತಕ್ಷಣ ರಕ್ತ ಪರೀಕ್ಷೆ ಮಾಡಿಸಿ.

ಮೋಕಾ ರಸ್ತೆಯವ:
ಸರ್ರಾ ಗೊತ್ತೇ ಇರಲಿಲ್ಲ, ಥ್ಯಾಂಕ್ಸ್. ಜಟಕಾ ಮನೆ ಅಣ್ಣ, ಹಾಗಾದ್ರೆ ರಾಮಗಡ ಬಿಟ್ಟುಬಿಡಲಾ?

ಜಟಕಾ ಮನೆ:
ಈ ಸಲ ಬಿಡಿ. ಬ್ರಿಟಿಷರು ಬಳ್ಳಾರಿ ಸೆಕೆ ತಾಳದೆ ಮಾಡಿಕೊಂಡ ಜಾಗ ಅದು, ಸುಮಾರು 1000 ಮೀಟರ್ ಎತ್ತರ. ಬಯಲಲ್ಲಿ ಬೆಳೆದ ಗೌರಿಗೆ ಮೊದಲ ಸಲವೇ ಆ ಏರು ಯಾಕೆ? ಒಂದೇ ದಿನ ಇಟ್ಟುಕೊಳ್ಳಿ. ಕೆಳಗೆ ಹೊಲದ ಅಂಚಿನ ಬಂಡಿದಾರಿ ಸಾಕು, ಗುಡ್ಡ ಎದುರಿಗೇ ಕಾಣುತ್ತದೆ. ಊರು ಮುಟ್ಟಿದ ತಕ್ಷಣ ಹುರುಳಿ ಇಡಬೇಡಿ. ಜೀನಿನ ಪಟ್ಟಿ ಸಡಿಲ ಮಾಡಿ, ಸುಮ್ನೆ ನಡೆಸಿ, ಏದುಸಿರು ಇಳಿಯಲಿ. ಆಗಾಗ ನಾಲ್ಕು ಗುಟುಕು ನೀರು. ಹೊಟ್ಟೆನೋವು ಬಂದರೆ ಕಾಡಂಚಿನಲ್ಲಿ ಯಾವ ಡಾಕ್ಟರನ್ನು ಹುಡುಕ್ತೀರಿ?

ಅದಿರಲಿ, ಸಂಡೂರಿನವರೆಗೆ ಹೇಗೆ ಒಯ್ತೀರಿ? ಗೌರಿ ಗಾಡಿ ಹತ್ತುತ್ತಾಳಾ?

ಮೋಕಾ ರಸ್ತೆಯವ:
ತಂದ ದಿನ ಹತ್ತಿದ್ದು ಅಷ್ಟೇ. ಇಳಿಸೋಕೆ ನಾಲ್ಕು ಜನ ಬೇಕಾಯ್ತು.

ಜಟಕಾ ಮನೆ:
ಹಾಗಾದ್ರೆ ಇವತ್ತಿನಿಂದಲೇ ಹುರುಳಿ ಬುಟ್ಟಿ ಗಾಡಿಯೊಳಗೆ ಇಡಿ.