ಬಾಡಿಗೆ ಮನೆಯ ಒಂದು ಮೂಲೆಯಲ್ಲಿ ಕಸೂತಿ ಮತ್ತು ಕೌದಿಯ ಸಾಮಗ್ರಿಗಳನ್ನು ಜೋಡಿಸಿಡುವುದು ಹೇಗೆ?

ಪ್ರಶ್ನೆ (ಧಾರವಾಡದಿಂದ)

ನಮಸ್ಕಾರ. ನಾನು ಬಿಡುವಿನ ವೇಳೆಯಲ್ಲಿ ಕಸೂತಿ ಹಾಕುತ್ತೇನೆ. ಬೇಸಿಗೆಯಲ್ಲಿ ಅತ್ತೆಯವರೊಂದಿಗೆ ಕೂತು ಹಳೆಯ ಬಟ್ಟೆಗಳ ಹೊದಿಕೆಯಾದ ಕೌದಿಯನ್ನೂ ಹೊಲಿಯುತ್ತೇನೆ. ಈ ಕೆಲಸಕ್ಕೆ ಮಲಗುವ ಕೋಣೆಯ ಕಿಟಕಿಯ ಬಳಿ ಐದು ಅಡಿ ಉದ್ದ, ನಾಲ್ಕು ಅಡಿ ಅಗಲದ ಜಾಗ ಮಾತ್ರ ದೊರೆತಿದೆ. ನೂಲಿನ ಲಡಿಗಳು, ಸೂಜಿಗಳು, ಇಳಕಲ್ ಸೀರೆಯ ಸೆರಗಿನ ತುಂಡುಗಳು, ಖಣದ (ಕುಪ್ಪಸದ ಬಟ್ಟೆಯ) ಚೂರುಗಳು, ಕೌದಿಗೆಂದು ಕೂಡಿಟ್ಟ ಹಳೆಯ ಸೀರೆಗಳು ಎಲ್ಲವೂ ಎರಡು ಚೀಲಗಳಲ್ಲಿ ಬೆರೆತುಹೋಗಿದ್ದು, ಒಂದು ಬಣ್ಣದ ಎಳೆ ಬೇಕಾದರೂ ಇಡೀ ಚೀಲವನ್ನು ಸುರಿಯಬೇಕಾಗುತ್ತದೆ. ಗೋಡೆಗೆ ಮೊಳೆ ಹೊಡೆಯಲು ಮನೆಯ ಮಾಲೀಕರ ಒಪ್ಪಿಗೆಯಿಲ್ಲ. ಕಪಾಟು ಕೊಳ್ಳುವ ಬದಲು ರಟ್ಟು, ಡಬ್ಬಿ, ಹಳೆಯ ಬಟ್ಟೆಗಳಿಂದಲೇ ಏನಾದರೂ ಮಾಡಿಕೊಳ್ಳಬೇಕೆಂದಿದ್ದೇನೆ. ಎಲ್ಲಿಂದ ಆರಂಭಿಸಬೇಕೆಂದು ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ (ಹುಬ್ಬಳ್ಳಿಯಿಂದ, ಹೊಲಿಗೆ ಕಲಿಸುವವರು)

ತಂಗಿ, ಪೆಟ್ಟಿಗೆ ಮಾಡುವ ಮೊದಲು ಚೀಲಗಳನ್ನು ಒಮ್ಮೆ ಪೂರ್ತಿ ಸುರಿದು, ದಿನವೂ ಕೈಗೆ ಬೇಕಾದದ್ದನ್ನೂ ವರ್ಷಕ್ಕೊಮ್ಮೆ ಬೇಕಾದದ್ದನ್ನೂ ಬೇರೆ ಮಾಡಿ. ಕೌದಿಯ ಸೀರೆಗಳು ಬೇಸಿಗೆಗೆ ಮಾತ್ರ ಬೇಕಾದವು, ಆದ್ದರಿಂದ ಅವನ್ನು ಒಗೆದು ಚೆನ್ನಾಗಿ ಒಣಗಿಸಿ, ಹಳೆಯ ದಿಂಬಿನ ಗವಸಿನಲ್ಲಿ ತುಂಬಿ, ಮಂಚದ ಕೆಳಗೆ ಸರಿಸಿಬಿಡಿ. ಕಿಟಕಿಯ ಮೂಲೆ ಕಸೂತಿಗಷ್ಟೇ ಉಳಿಯಲಿ. ಉಳಿದ ವಸ್ತುಗಳ ಅಳತೆಯನ್ನು ತೆಗೆದುಕೊಂಡ ಮೇಲೆಯೇ ರಟ್ಟಿಗೆ ಕತ್ತರಿ ಹಾಕಿ, ಏಕೆಂದರೆ ಮೊದಲೇ ಮಾಡಿಟ್ಟ ಪೆಟ್ಟಿಗೆಯಲ್ಲಿ ವಸ್ತುಗಳನ್ನು ಒಂದೋ ತುರುಕಬೇಕಾಗುತ್ತದೆ, ಇಲ್ಲವೇ ಅವು ಉರುಳಾಡುತ್ತವೆ.

ನೂಲಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಕಸೂತಿಯಲ್ಲಿ ಹೆಚ್ಚು ಗೋಜಲಾಗುವುದು ಅದೇ. ಅಂಗಡಿಯಲ್ಲಿ ಸಿಗುವ ಹತ್ತಿ ನೂಲಿನ ಲಡಿ ಸಾಮಾನ್ಯವಾಗಿ 8 ಮೀಟರ್ ಉದ್ದವಿದ್ದು, ಅದರಲ್ಲಿ ಆರು ಎಳೆಗಳಿರುತ್ತವೆ. ಗವಂತಿ, ಮುರಗಿ ಎಂಬ ಕಸೂತಿ ಹೊಲಿಗೆಗಳಲ್ಲಿ ಯಾವುದಕ್ಕಾಗಲಿ ನಾವು ಒಂದೆರಡು ಎಳೆಗಳನ್ನಷ್ಟೇ ಬಿಡಿಸಿಕೊಳ್ಳುವುದರಿಂದ, ಮಿಕ್ಕ ಎಳೆಗಳು ಅನಾಥವಾಗಿ ಉಳಿದು ಗಂಟಾಗುತ್ತವೆ. ದಪ್ಪ ರಟ್ಟಿನಿಂದ 4 ಸೆಂಟಿಮೀಟರ್ ಚೌಕದ ಬಿಲ್ಲೆಗಳನ್ನು ಕತ್ತರಿಸಿ, ಎರಡು ಬದಿಗಳಲ್ಲಿ ಸಣ್ಣ ಕಚ್ಚು ಮಾಡಿ, ಒಂದು ಕಚ್ಚಿನಲ್ಲಿ ಪೂರ್ಣ ನೂಲಿನ ತುದಿಯನ್ನೂ ಮತ್ತೊಂದರಲ್ಲಿ ಬಿಡಿಸಿ ಉಳಿದ ಎಳೆಗಳ ತುದಿಯನ್ನೂ ಸಿಕ್ಕಿಸಿ. ಲಡಿಯ ಕಾಗದದ ಪಟ್ಟಿಯಲ್ಲಿರುವ ಬಣ್ಣದ ಸಂಖ್ಯೆಯನ್ನು ಬಿಲ್ಲೆಯ ಮೇಲೆ ಬರೆದುಕೊಂಡ ನಂತರವೇ ಪಟ್ಟಿಯನ್ನು ಎಸೆಯಿರಿ. ಕಸೂತಿಯ ತೇರಿನ ಚಿತ್ತಾರ ಅರ್ಧ ಮುಗಿದಾಗ ನೂಲು ಸಾಲದೆ ಹೋದರೆ, ಆ ಸಂಖ್ಯೆಯಿಲ್ಲದೆ ಅದೇ ಬಣ್ಣವನ್ನು ಅಂಗಡಿಯಲ್ಲಿ ಹುಡುಕುವುದು ಬಹಳ ಕಷ್ಟ.

ಈ ಬಿಲ್ಲೆಗಳನ್ನು ಪಾದರಕ್ಷೆಯ ಪೆಟ್ಟಿಗೆಯಲ್ಲಿ ನಿಲ್ಲಿಸಿಡಿ, ಮಲಗಿಸಬೇಡಿ. ನಡುವಿನ ಅಡ್ಡಪಟ್ಟಿಗಳಿಗೆ ಅಂಟು ಬೇಕಿಲ್ಲ. ಪ್ರತಿ ಪಟ್ಟಿಯನ್ನು ಅರ್ಧ ಎತ್ತರದವರೆಗೆ ಸೀಳಿ ಒಂದರೊಳಗೊಂದು ಸಿಕ್ಕಿಸಿದರೆ ಖಾನೆಗಳು ತಾವೇ ಬಿಗಿಯಾಗಿ ನಿಲ್ಲುತ್ತವೆ. ಪೆಟ್ಟಿಗೆಯನ್ನೇ ಹೊಸದಾಗಿ ಮಾಡುವಿರಾದರೆ, ರಟ್ಟಿನ ಒಳಗಿನ ಅಲೆಯಂಥ ಗೆರೆಗಳು ಗೋಡೆಗಳಲ್ಲಿ ಮೇಲಿನಿಂದ ಕೆಳಕ್ಕೆ ಇರುವಂತೆ ಕತ್ತರಿಸಬೇಕು. ಅಡ್ಡಲಾಗಿದ್ದರೆ ಮೇಲೆ ಇನ್ನೊಂದು ಪೆಟ್ಟಿಗೆಯನ್ನು ಇಟ್ಟಾಗ ಕೆಳಗಿನದು ಕುಸಿಯುತ್ತದೆ.

ಉತ್ತರ (ಉಡುಪಿಯಿಂದ)

ಮೇಲಿನ ಸಲಹೆ ಬಹಳ ಉಪಯುಕ್ತವಾಗಿದೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಊರಿನವಳಾಗಿ ತೇವದ ಬಗ್ಗೆ ಕೆಲವು ಮಾತುಗಳನ್ನು ಸೇರಿಸಬಯಸುತ್ತೇನೆ. ಧಾರವಾಡದಲ್ಲಿ ಮಳೆ ಇಷ್ಟಿಲ್ಲದಿದ್ದರೂ ಅಲ್ಲಿನ ಆಷಾಢ, ಶ್ರಾವಣದ ಜಿಟಿಜಿಟಿಗೆ ರಟ್ಟು ಮೆತ್ತಗಾಗದೆ ಇರಲಾರದು. ರಟ್ಟಿನ ಪೆಟ್ಟಿಗೆಯನ್ನು ನೆಲಕ್ಕೂ ಗೋಡೆಗೂ ತಾಗಿಸಿಡಬೇಡಿ, ಎರಡು ಮರದ ಪಟ್ಟಿಗಳ ಮೇಲಿಟ್ಟರೂ ಸಾಕು. ಬಟ್ಟೆ ಅಂಟಿಸಲು ಮೈದಾ ಹಿಟ್ಟಿನ ಅಂಟನ್ನು ಬಳಸಬೇಡಿ. ಅದರ ವಾಸನೆಗೆ ಜಿರಳೆಯೂ ಬೆಳ್ಳಿಮೀನಿನಂಥ ಕಾಗದದ ಹುಳುಗಳೂ ಬರುತ್ತವೆ. ಫೆವಿಕಾಲ್ ಲೇಸು.

ನಮ್ಮಲ್ಲಿ ಅಡಿಕೆ ಹಾಳೆಯನ್ನು ನೀರಿನಲ್ಲಿ ನೆನೆಸಿ, ಮಡಿಸಿ, ಭಾರವಿಟ್ಟು ಒಣಗಿಸಿದ ತಟ್ಟೆಗಳಲ್ಲಿ ಸಣ್ಣಪುಟ್ಟ ವಸ್ತುಗಳನ್ನು ಇಡುತ್ತೇವೆ. ಗುಂಡಿ, ಮಣಿ, ಅಳತೆಪಟ್ಟಿಗಳಿಗೆ ಅವು ಸೊಗಸು, ಆದರೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುವುದರಿಂದ ಬಟ್ಟೆಯನ್ನು ಅದರಲ್ಲಿಡುವುದು ಸರಿಯಲ್ಲ. ಪಾದರಕ್ಷೆಯ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಪೊಟ್ಟಣಗಳು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಮಾತ್ರ ಕೆಲಸ ಮಾಡುತ್ತವೆ; ತೆರೆದ ಬುಟ್ಟಿಯಲ್ಲಿಟ್ಟರೆ ಪ್ರಯೋಜನವಿಲ್ಲ.

ಇನ್ನು ಜರಿಯಿರುವ ತುಂಡುಗಳನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಲೇಬೇಡಿ. ರಬ್ಬರಿನಲ್ಲಿರುವ ಗಂಧಕದಿಂದ ಬೆಳ್ಳಿಯ ಜರಿ ಕಪ್ಪಾಗುತ್ತದೆ. ತೆಳುವಾದ, ಗಂಜಿಯಿಲ್ಲದ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ.

ಉತ್ತರ (ಮೈಸೂರಿನಿಂದ)

ಮೊಳೆಯ ಸಮಸ್ಯೆಗೆ ಬಾಗಿಲೇ ಪರಿಹಾರ. ಹಳೆಯ ಜೀನ್ಸ್ ಬಟ್ಟೆಯ ಪಟವೊಂದನ್ನು ಎರಡು ಪದರವಾಗಿ ಹೊಲಿದು, ಮೇಲಿನ ಅಂಚಿನ ಮಡಿಕೆಯಲ್ಲಿ ಒಂದು ಕೋಲು ತೂರಿಸಿ, ಬಾಗಿಲಿನ ಮೇಲಂಚಿಗೆ ಸಿಕ್ಕಿಸುವ ಎರಡು ತಗಡಿನ ಕೊಕ್ಕೆಗಳಿಂದ ತೂಗುಹಾಕಬಹುದು. ಜೇಬುಗಳ ಬಟ್ಟೆಯನ್ನು ಬೇಕಾದ ಅಗಲಕ್ಕಿಂತ ಒಂದು ಅಂಗೈಯಷ್ಟು ಹೆಚ್ಚು ತೆಗೆದುಕೊಂಡು ಕೆಳಗಿನ ಎರಡು ಮೂಲೆಗಳಲ್ಲಿ ಮಡಿಕೆ ಹಾಕಿದರೆ, ಎಂಬ್ರಾಯಿಡರಿ ರಿಂಗ್‌ನಂಥ ದಪ್ಪ ವಸ್ತುವೂ ಹಿಡಿಸುತ್ತದೆ. ಪಟ ನೇರವಾಗಿ ತೂಗಲು ಕೆಳಗೂ ಒಂದು ಕೋಲಿರಲಿ. ಮನೆಯಲ್ಲಿ ಮಕ್ಕಳಿದ್ದರೆ ಕತ್ತರಿಯ ಜೇಬು ಮೇಲಿನ ಸಾಲಿನಲ್ಲೇ ಇರಬೇಕು.

ಸೂಜಿಗಳಿಗೆ ಉಣ್ಣೆಯ ಬಟ್ಟೆಯ ನಾಲ್ಕು ಹಾಳೆಗಳ ಸಣ್ಣ ಪುಸ್ತಕವನ್ನು ಹೊಲಿದು, ಕಸೂತಿಯ ಸೂಜಿಗೂ ಕೌದಿಯ ಉದ್ದ ಸೂಜಿಗೂ ಬೇರೆ ಬೇರೆ ಹಾಳೆ ಕೊಡಿ. ತುಕ್ಕು ಹಿಡಿದ ಸೂಜಿಯನ್ನು ಉಳಿಸಿಕೊಳ್ಳಬೇಡಿ, ಏಕೆಂದರೆ ಅದರ ಕಲೆ ಬಟ್ಟೆಯಿಂದ ಸುಲಭವಾಗಿ ಹೋಗುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಇನ್ನೊಂದು ಸಂದೇಹ ಉಳಿದಿದೆ. ಖಣದ ಚೂರುಗಳು ಒಂದರ ಮೇಲೊಂದು ಪೇರಿಸಿದಾಗ ಕೆಳಗಿನವು ಕಾಣುವುದೇ ಇಲ್ಲ. ಕಿಟಕಿಯ ಬೆಳಕಿನಲ್ಲಿ ಗಾಜಿನ ಡಬ್ಬಿಯಲ್ಲಿಟ್ಟರೆ ಆದೀತೇ?

ಉತ್ತರ (ಹುಬ್ಬಳ್ಳಿಯಿಂದ)

ಗಾಜಿನ ಡಬ್ಬಿ ಆಗಬಹುದು, ಆದರೆ ಕಿಟಕಿಯ ಬಳಿ ಬೇಡ. ನೇರ ಬಿಸಿಲಿಗೆ ಬಣ್ಣ ಮಾಸುತ್ತದೆ. ಅದಕ್ಕಿಂತ, 10 ಸೆಂಟಿಮೀಟರ್ ಅಗಲ, 15 ಸೆಂಟಿಮೀಟರ್ ಎತ್ತರದ ರಟ್ಟಿನ ತುಂಡುಗಳಿಗೆ ಬಿಳಿ ಬಟ್ಟೆ ಹೊದಿಸಿ, ಪ್ರತಿ ಖಣವನ್ನೂ ಅಂಚು ಹೊರಗೆ ಕಾಣುವಂತೆ ಅವುಗಳ ಸುತ್ತ ಸುತ್ತಿ, ಪುಸ್ತಕಗಳನ್ನು ಜೋಡಿಸಿದಂತೆ ಒಂದು ಪೆಟ್ಟಿಗೆಯಲ್ಲಿ ನಿಲ್ಲಿಸಿ. ಅಂಗೈಗಿಂತ ಚಿಕ್ಕ ಚೂರುಗಳನ್ನು ಮಾತ್ರ ಗಾಜಿನ ಡಬ್ಬಿಗೆ ಹಾಕಿ. ಕೌದಿಯ ಅಂಚಿಗೆ ತ್ರಿಕೋನಗಳನ್ನು ಕತ್ತರಿಸುವಾಗ ಅತ್ತೆಯವರು ಮೊದಲು ಕೇಳುವುದು ಅವನ್ನೇ.