ಐದು ಮನೆ, ಒಂಬತ್ತು ಮಕ್ಕಳು: ಎಲ್ಲರಿಗೂ ಒಟ್ಟಿಗೆ ಕ್ಲಾಸ್ ಹೇಗೆ ಮಾಡುತ್ತೀರಿ?

ಪ್ರಶ್ನೆ: ಸರಸ್ವತಿಪುರಂ ಅಮ್ಮ

ನಮಸ್ಕಾರ. ನಮ್ಮ ಮನೆ ಮೈಸೂರಿನ ಸರಸ್ವತಿಪುರಂನಲ್ಲಿದೆ. ಮಗನಿಗೆ ಒಂಬತ್ತು ವರ್ಷ, ಮಗಳಿಗೆ ಆರು. ಹೋದ ಜೂನ್‌ನಿಂದ ಇಬ್ಬರೂ ಮನೆಯಲ್ಲೇ ಕಲಿಯುತ್ತಿದ್ದಾರೆ. ಮಗ ಓದುವುದು ಸ್ವಲ್ಪ ನಿಧಾನ. ಮೊದಲಿದ್ದ ಶಾಲೆಯಲ್ಲಿ ಅವನನ್ನು ಕೊನೆಯ ಬೆಂಚಿಗೆ ಹಾಕಿದ್ದರು. ದಿನಾ ಬೆಳಿಗ್ಗೆ ಹೊಟ್ಟೆನೋವು ಅಂತ ಅಳುತ್ತಿದ್ದ. ಭಾನುವಾರ ನೋವು ಇರುತ್ತಿರಲಿಲ್ಲ. ಅದು ನಮಗೆ ಅರ್ಥವಾಗಲು ಎಂಟು ತಿಂಗಳು ಬೇಕಾಯಿತು.

ಈ ಜನವರಿಯಲ್ಲಿ ನಮ್ಮಂಥ ಐದು ಮನೆಯವರು ಸೇರಿ ಕೋ-ಆಪ್ ಶುರುಮಾಡಿದೆವು, ಅಂದರೆ ಅಪ್ಪ-ಅಮ್ಮಂದಿರೇ ಹಂಚಿಕೊಂಡು ಎಲ್ಲರ ಮಕ್ಕಳಿಗೂ ಕಲಿಸುವ ಗುಂಪು. ಒಂಬತ್ತು ಮಕ್ಕಳು. ಚಿಕ್ಕವಳಿಗೆ ಐದು, ದೊಡ್ಡವನಿಗೆ ಹನ್ನೆರಡು. ಮಂಗಳವಾರ, ಶುಕ್ರವಾರ ಹತ್ತರಿಂದ ಒಂದು ಗಂಟೆವರೆಗೆ ನಮ್ಮ ಮನೆ ಮಹಡಿಯಲ್ಲಿ. ಶೀಟ್ ಹಾಕಿದ ಜಾಗ, ಗಾಳಿ ಚೆನ್ನಾಗಿ ಬರುತ್ತೆ.

ಲೆಕ್ಕದ ಕ್ಲಾಸು ನನ್ನದು. ಹೋದ ಮಂಗಳವಾರ ಬೋರ್ಡಿನ ಮುಂದೆ ನಿಂತು ಭಿನ್ನರಾಶಿ ಶುರುಮಾಡಿದೆ. ದೊಡ್ಡವರಿಬ್ಬರು ಬರೆದುಕೊಂಡರು. ಚಿಕ್ಕವರು ಚಾಪೆ ಸುತ್ತಿಕೊಂಡು ಉರುಳಾಡಿದರು. ನಾನು ಎರಡು ಸಲ ಗದರಿದೆ. ಎಲ್ಲರೂ ಹೋದ ಮೇಲೆ ಮಗ ಮೆಲ್ಲಗೆ ಬಂದು, "ಅಮ್ಮ, ನೀನೂ ಮಿಸ್ ಥರಾನೇ ಆಗ್ಬಿಟ್ಟೆ" ಅಂದ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಯಾವುದರಿಂದ ಅವನನ್ನು ಬಿಡಿಸಿಕೊಂಡು ಬಂದೆನೋ ಅದನ್ನೇ ಮಹಡಿ ಮೇಲೆ ತಂದಿಟ್ಟೆನಾ ಅಂತ.

ಐದರಿಂದ ಹನ್ನೆರಡು ವರ್ಷದವರನ್ನು ಒಟ್ಟಿಗೆ ಕೂರಿಸಿ ಕಲಿಸುವವರು ಇದ್ದರೆ ದಯವಿಟ್ಟು ಹೇಳಿ. ಇನ್ನೂ ಒಂದಿದೆ. ಒಂದು ಮನೆಯವರು ಮಗುವನ್ನು ಬಿಟ್ಟು ಹೋಗಿಬಿಡುತ್ತಾರೆ. ಕ್ಲಾಸು ತಗೊಳ್ಳಿ ಅಂದರೆ "ನಮಗೇನೂ ಬರಲ್ಲ" ಅನ್ನುತ್ತಾರೆ. ಒಳ್ಳೆಯ ಜನ, ಜಗಳ ಬೇಡ. ಮುಂದೆ ಪರೀಕ್ಷೆ ಹೇಗೆ ಅಂತ ಅತ್ತೆ ದಿನಾ ಕೇಳುತ್ತಾರೆ, ಅದಕ್ಕೂ ಉತ್ತರ ಬೇಕು.

ಉತ್ತರ 1: ರಾಮಕೃಷ್ಣನಗರದಿಂದ

ನಿಮ್ಮ ಮಗ ಹೇಳಿದ್ದು ನೋವಾಗುವ ಮಾತೇ. ಆದರೆ ಹೇಳಿದನಲ್ಲ! ಶಾಲೆಯಲ್ಲಿದ್ದಾಗ ಹೊಟ್ಟೆನೋವು ಅನ್ನುತ್ತಿದ್ದವನು ಈಗ ಬಾಯಿಬಿಟ್ಟು ಹೇಳುತ್ತಿದ್ದಾನೆ. ಅದನ್ನು ಸಣ್ಣದು ಅಂದುಕೊಳ್ಳಬೇಡಿ.

ನಾವು ಆರು ವರ್ಷದಿಂದ ನಾಲ್ಕು ಮನೆ ಸೇರಿ ಮಾಡುತ್ತಿದ್ದೇವೆ. ಮೊದಲ ವರ್ಷ ನಾವೂ ಬೋರ್ಡಿನಿಂದಲೇ ಶುರುಮಾಡಿದ್ದೆವು. ಆಮೇಲೆ ಬೋರ್ಡು ತೆಗೆದು, ಮಧ್ಯದಲ್ಲಿ ಒಂದು ವಸ್ತು ಇಡೋಕೆ ಶುರುಮಾಡಿದೆವು. ವಸ್ತು ಒಂದೇ, ಕೆಲಸ ಮಾತ್ರ ವಯಸ್ಸಿಗೆ ತಕ್ಕ ಹಾಗೆ.

ನಮ್ಮಲ್ಲಿ ತುಂಬಾ ಚೆನ್ನಾಗಿ ನಡೆದದ್ದು ಹೂವಿನ ಲೆಕ್ಕ. ದೇವರಾಜ ಮಾರುಕಟ್ಟೆಗೆ ಎಲ್ಲರನ್ನೂ ಕರೆದುಕೊಂಡು ಹೋಗಿ ಮಲ್ಲಿಗೆ ಕೊಂಡೆವು. ಹೂವಿನವರು ಮೊಳ ಹಾಕುವುದನ್ನು ಮಕ್ಕಳು ಕಣ್ಣುಬಿಟ್ಟು ನೋಡಿದರು. ಮೊಳಕೈಯಿಂದ ನಡುಬೆರಳ ತುದಿವರೆಗೆ. ಮನೆಗೆ ಬಂದು ಅದೇ ಹೂವನ್ನು ಪ್ರತಿಯೊಬ್ಬರೂ ತಮ್ಮ ಕೈಯಲ್ಲಿ ಅಳೆದರು. ಹೂವಿನಮ್ಮನ ಕೈಯಲ್ಲಿ ಎರಡು ಮೊಳ ಇದ್ದದ್ದು ಐದು ವರ್ಷದವಳ ಕೈಯಲ್ಲಿ ಮೂರು ಮೊಳ ಆಯಿತು! "ನಾನೇ ಅಂಗಡಿ ಇಟ್ಟರೆ ಲಾಭ" ಅಂದಳು. ಸ್ಕೇಲು ಯಾಕೆ ಬೇಕು ಅಂತ ನಾನು ಬಾಯಿಬಿಟ್ಟು ಹೇಳಲೇ ಇಲ್ಲ.

ಚಿಕ್ಕವರು ಎಣಿಸಿದರು. ಎಂಟು-ಒಂಬತ್ತರವರು ಟೇಪಿನಲ್ಲಿ ಎಲ್ಲರ ಮೊಳ ಅಳೆದು ಪಟ್ಟಿ ಮಾಡಿದರು. ದೊಡ್ಡವರು ಎತ್ತರವನ್ನೂ ಅಳೆದು, ಮೊಳ ಎತ್ತರದ ಎಷ್ಟನೇ ಭಾಗ ಅಂತ ನೋಡಿದರು. ಎಲ್ಲರಿಗೂ ಕಾಲು ಭಾಗದ ಹತ್ತಿರ ಬಂತು, ಸ್ವಲ್ಪ ಜಾಸ್ತಿನೇ. ನಾಲ್ಕು ಮೊಳ ಅಂದರೆ ಒಂದು ಮಾರು, ಎರಡೂ ಕೈ ಚಾಚಿದಷ್ಟು. ಅದು ಹೆಚ್ಚುಕಡಿಮೆ ನಮ್ಮ ಎತ್ತರದಷ್ಟೇ ಇರುತ್ತೆ. ಗೋಡೆಗೆ ಒರಗಿ ನಿಂತು ಒಬ್ಬರನ್ನೊಬ್ಬರು ಅಳೆದು ಅಳೆದು ಒಂದು ಗಂಟೆ ಹೋದದ್ದೇ ಗೊತ್ತಾಗಲಿಲ್ಲ. ನಿಮ್ಮ ಭಿನ್ನರಾಶಿ ಅಲ್ಲೇ ಇದೆ ನೋಡಿ.

ಇನ್ನು "ಏನೂ ಬರಲ್ಲ" ಅನ್ನುವವರು. ಅವರಿಗೆ ಪಾಠ ಮಾಡಿ ಅನ್ನಬೇಡಿ. "ನೀವು ದಿನಾ ಏನು ಕೆಲಸ ಮಾಡ್ತೀರಿ?" ಅಂತ ಕೇಳಿ. ನಮ್ಮಲ್ಲೂ ಒಬ್ಬ ತಂದೆ ಹಾಗೇ ಅನ್ನುತ್ತಿದ್ದರು. ಅವರಿಗೆ ರಿಪೇರಿ ಕೆಲಸ ಬರುತ್ತೆ ಅಂತ ಆಮೇಲೆ ಗೊತ್ತಾಯಿತು. ಕೆಟ್ಟ ಮಿಕ್ಸಿಯೊಂದನ್ನು ಮಕ್ಕಳ ಕೈಯಲ್ಲೇ ಬಿಚ್ಚಿಸಿದರು. ತಾಮ್ರದ ತಂತಿ, ಕಾರ್ಬನ್ ಬ್ರಷ್, ಎಲ್ಲಾ ಹಳೇ ಪೇಪರ್ ಮೇಲೆ ಸಾಲಾಗಿ ಇಟ್ಟರು. ಈಗ ಮಕ್ಕಳು ಅವರ ದಾರಿಯನ್ನೇ ಕಾಯುತ್ತಾರೆ. ಅಷ್ಟೂ ಆಗದವರು ಮೊಸರನ್ನ ಕಲಸಿ ತರಲಿ, ಹೊರಗೆ ಹೋಗುವಾಗ ಜೊತೆಗೆ ಬರಲಿ. ಹೊರಗೆ ಹೋದರೆ ದೊಡ್ಡವರು ಕನಿಷ್ಠ ಮೂರು ಜನ ಬೇಕೇ ಬೇಕು.

ಸಾಧ್ಯವಾದರೆ ನಿಮ್ಮ ಮಗನಿಗೆ ಲೆಕ್ಕ ಬೇರೆ ಅಮ್ಮ ಹೇಳಿಕೊಡಲಿ, ನೀವು ಅವರ ಮಕ್ಕಳಿಗೆ ಹೇಳಿಕೊಡಿ. ಅಮ್ಮ ಅಮ್ಮನಾಗಿಯೇ ಸಿಗಬೇಕು ಅವನಿಗೆ. ಮತ್ತೆ, ಮಂಗಳವಾರ ಮೃಗಾಲಯ, ಕಾರಂಜಿ ಕೆರೆ ಎರಡಕ್ಕೂ ರಜೆ. ಶುಕ್ರವಾರವನ್ನೇ ಹೊರಗೆ ಹೋಗಲು ಇಟ್ಟುಕೊಳ್ಳಿ. ಕಾರಂಜಿ ಕೆರೆ ದಡದ ಪ್ರಾಕೃತಿಕ ಇತಿಹಾಸ ವಸ್ತು ಸಂಗ್ರಹಾಲಯವನ್ನು ಒಂದೇ ದಿನದಲ್ಲಿ ಮುಗಿಸಬೇಡಿ, ಸಲಕ್ಕೆ ಒಂದು ಭಾಗ ಸಾಕು.

ಉತ್ತರ 2: ಮಂಡ್ಯ ಕಡೆಯ ಅಪ್ಪ

ಮೇಲಿನ ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮದು ಮಂಡ್ಯ ಹತ್ತಿರ ಹಳ್ಳಿ, ಇಲ್ಲಿ ಮೂರೇ ಮನೆ. ನಮ್ಮ ವಿಜ್ಞಾನದ ಕ್ಲಾಸು ಆಲೆಮನೆ. ಗಾಣದಿಂದ ಕಬ್ಬಿನ ಹಾಲು ಇಳಿಯುತ್ತೆ, ಕೊಪ್ಪರಿಗೆಗೆ ಹೋಗುತ್ತೆ, ಸುಣ್ಣ ಹಾಕುತ್ತಾರೆ, ಬೆಂಡೆ ಗಿಡದ ಲೋಳೆ ಹಾಕಿದರೆ ಕೊಳೆ ಮೇಲೆ ಬರುತ್ತೆ. ಯಾಕೆ ಬರುತ್ತೆ ಅಂತ ಮಕ್ಕಳು ಕೇಳಿದರು. ಲೋಳೆಗೆ ಕೊಳೆ ಅಂಟಿಕೊಂಡು ಗಟ್ಟಿಯಾಗಿ ತೇಲುತ್ತೆ ಅಂತ ಗಾಣದವರೇ ಹೇಳಿಕೊಟ್ಟರು. ನೀರು ನೂರು ಡಿಗ್ರಿಗೆ ಕುದಿಯುತ್ತೆ, ಪಾಕ ಗಟ್ಟಿಯಾದಷ್ಟೂ ಅದಕ್ಕಿಂತ ಜಾಸ್ತಿ ಬಿಸಿ ಬೇಕು. ಒಂದು ಟನ್ ಕಬ್ಬಿಗೆ ಸುಮಾರು ನೂರು ಕೆಜಿ ಬೆಲ್ಲ. ಉಳಿದದ್ದು ಎಲ್ಲಿ ಹೋಯಿತು? ಸಿಪ್ಪೆ ಒಲೆಗೆ, ನೀರು ಆವಿಯಾಗಿ. ಶೇಕಡಾವಾರು ಲೆಕ್ಕ ಅಲ್ಲೇ ಮುಗಿಯಿತು.

ಕೊಪ್ಪರಿಗೆ ಹತ್ತಿರ ಚಿಕ್ಕವರ ಕೈ ಬಿಡಬೇಡಿ, ಅದೊಂದು ಭಯ. ಕಬ್ಬು ಕಡಿಯುವ ಕಾಲದಲ್ಲಿ ಎಲ್ಲರನ್ನೂ ಕರೆದುಕೊಂಡು ಬನ್ನಿ ಮೇಡಂ. ಊಟ ನಮ್ಮ ಮನೆಯಲ್ಲೇ.

ಉತ್ತರ 3: ನಿವೃತ್ತ ಮೇಷ್ಟ್ರು

ಪರೀಕ್ಷೆ ಬಗ್ಗೆ ನಿಮ್ಮ ಅತ್ತೆಯವರಿಗೆ ಹೀಗೆ ಹೇಳಿ ತಾಯಿ. ಎನ್‌ಐಓಎಸ್ ಅಂತ ಕೇಂದ್ರ ಸರ್ಕಾರದ್ದೇ ಮುಕ್ತ ಶಾಲಾ ಸಂಸ್ಥೆ ಇದೆ, 1989ರಿಂದ. ಹತ್ತನೇ ತರಗತಿ ಪರೀಕ್ಷೆಗೆ 14 ವರ್ಷ ತುಂಬಿರಬೇಕು. ಐದು ವಿಷಯ, ಭಾಷೆಯಾಗಿ ಕನ್ನಡ ತಗೊಳ್ಳಬಹುದು. ವರ್ಷಕ್ಕೆ ಎರಡು ಸಲ ಪರೀಕ್ಷೆ. ಅದಕ್ಕೂ ಮೊದಲು ಬೇಕಾದರೆ ಎ, ಬಿ, ಸಿ ಅಂತ ಮೂರು ಹಂತ ಇವೆ. ಅವು 3, 5, 8ನೇ ತರಗತಿಗೆ ಸಮ.

ಒಂದು ಎಚ್ಚರಿಕೆ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ನಿಮ್ಮ ಹಾಗೆ ಶಾಲೆ ಬಿಡಿಸಿ ಮನೆಯಲ್ಲೇ ಕಲಿಸುವ ಬಗ್ಗೆ ಸ್ಪಷ್ಟವಾಗಿ ಏನೂ ಹೇಳಿಲ್ಲ. ಆದರೆ ಮಾನ್ಯತೆ ಇಲ್ಲದೆ ಶಾಲೆ ನಡೆಸಿದರೆ ಒಂದು ಲಕ್ಷದವರೆಗೆ ದಂಡ ಇದೆ. ಆದ್ದರಿಂದ ಮನೆ ಮುಂದೆ ಶಾಲೆ ಅಂತ ಹೆಸರಿನ ಬೋರ್ಡು ಹಾಕಬೇಡಿ, ಫೀಸು ಅಂತ ವಸೂಲಿ ಮಾಡಬೇಡಿ. ಬಣ್ಣ, ಪೇಪರಿಗೆ ಖರ್ಚಾದದ್ದನ್ನು ಹಂಚಿಕೊಳ್ಳಿ, ಅಷ್ಟು ಸಾಕು. ಹಳೇ ಶಾಲೆಯ ಟಿಸಿ ಜೋಪಾನ.

ಮತ್ತೆ ಬರೆದದ್ದು: ಸರಸ್ವತಿಪುರಂ ಅಮ್ಮ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೇಷ್ಟ್ರ ಉತ್ತರ ಅತ್ತೆಗೆ ಓದಿ ಹೇಳಿದೆ. "ಸರ್ಕಾರದ್ದೇ ಅಂತಾ?" ಅಂತ ಎರಡು ಸಲ ಕೇಳಿ ಸುಮ್ಮನಾದರು.

ಶುಕ್ರವಾರ ನಾವೂ ಹೂವು ತಂದೆವು. ಬಿಟ್ಟು ಹೋಗುವ ಮನೆಯವರನ್ನು ಅಕ್ಕ ಹೇಳಿದ ಹಾಗೇ ಕೇಳಿದೆ. ಅವರಮ್ಮ ಹೂ ಕಟ್ಟುತ್ತಾರಂತೆ! ಬಾಳೆನಾರು ತಂದು ಒಂಬತ್ತು ಮಕ್ಕಳಿಗೂ ಕಟ್ಟೋದು ಹೇಳಿಕೊಟ್ಟರು, ಒಂದೂವರೆ ಗಂಟೆ.

ಪಟ್ಟಿ ಬರೆಯುವ ಕೆಲಸ ನನ್ನ ಮಗನದು. ನಾನು ಹತ್ತಿರ ಹೋಗಲಿಲ್ಲ. ಅವನ ಕೈ 36 ಸೆಂಟಿಮೀಟರ್, ತಂಗಿಯದು 31, ನನ್ನದು 43. ಮೇಲೆ ದೊಡ್ಡದಾಗಿ "ಎಲ್ಲರ ಮೊಲ" ಅಂತ ಬರೆದಿದ್ದ. ಯಾರೂ ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವನೇ ಬೆರಳಿಟ್ಟು ಓದಿಕೊಂಡ. "ಅಯ್ಯೋ, ಮೊಲ ಆಗ್ಬಿಟ್ಟಿದೆ" ಅಂತ ನಕ್ಕು, ಅಳಿಸಿ ಳ ಹಾಕಿದ. ಪಕ್ಕದಲ್ಲಿ ಒಂದು ಮೊಲದ ಚಿತ್ರವನ್ನೂ ಬರೆದ. ಆ ಹಾಳೆ ಈಗ ಫ್ರಿಜ್ ಮೇಲಿದೆ.

ಮಂಡ್ಯದ ಸರ್, ನಾವು ಬರುತ್ತೇವೆ. ಒಂಬತ್ತು ಮಕ್ಕಳು, ಏಳು ಜನ ದೊಡ್ಡವರು. ಯಾವ ವಾರ ಗಾಣ ಶುರುವಾಗುತ್ತೆ ಅಂತ ತಿಳಿಸಿ.